ಗುಡ್ಡದ ತಲೆಗಳ ನಡುವೆ ಏಳು ದಿನ

“ನೀರಿನ ಮೇಲೆ ಏಳು ದಿನಾನಾ? ನಾನು ಮನೇಲೇ ಇರ್ತೀನಿ. ನೀವು ಹೋಗ್ಬನ್ನಿ.”

ಕ್ರೊವೇಷಿಯಾದ ದ್ವೀಪಗಳಿಗೆ ಹಾಯಿದೋಣಿಯಲ್ಲಿ ಹೋಗೋಣ ಅಂದಾಗ ಅಮ್ಮ ಕೊಟ್ಟ ಉತ್ತರ ಇದು. ನಾವಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಪ್ಪ ತೀರಿಕೊಂಡ ಮೇಲೆ, 2024ರ ಬೇಸಿಗೆಯಲ್ಲಿ, ಅಮ್ಮ ಮೊದಲ ಸಲ ನಮ್ಮಲ್ಲಿಗೆ ಬಂದಿದ್ದಳು. ದೋಣಿ ಅದಕ್ಕೂ ಮೊದಲೇ ಬುಕ್ ಆಗಿಹೋಗಿತ್ತು.

ಅಮ್ಮನಿಗೆ ನೀರು ಅಂದರೆ ಆಗದು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳು ಹುಟ್ಟಿದ ಊರು ಈಗ ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಅವಳಿಗೆ ಎಂಟು ವರ್ಷ. ಆಮೇಲೆ ಸಾಗರದ ಕಡೆ ಎಷ್ಟು ಸಲ ಹೋದರೂ ಹೊಳೆಬಾಗಿಲಿನ ಲಾಂಚ್ ಹತ್ತಿದವಳಲ್ಲ. ನಾವೆಲ್ಲ ಸಿಗಂದೂರಿಗೆ ಹೋದಾಗಲೂ ದಡದಲ್ಲೇ ಕೂತಿದ್ದಳು. “ದೇವಿಗೆ ಇಲ್ಲಿಂದ್ಲೇ ಕೈ ಮುಗಿದೆ” ಅಂದಿದ್ದಳು. ಯಾಕೆ ಅಂತ ನಾನೂ ಕೆದಕಿ ಕೇಳಿರಲಿಲ್ಲ.

ಕೊನೆಗೆ ಅವಳನ್ನು ಹೊರಡಿಸಿದ್ದು ನನ್ನ ಹದಿಮೂರು ವರ್ಷದ ಮಗಳು. “ಅಮ್ಮಮ್ಮ ಬರ್ದಿದ್ರೆ ನಾನೂ ಬರಲ್ಲ” ಅಂತ ಹಟ ಹಿಡಿದಳು. ಮೊಮ್ಮಗಳ ಮುಂದೆ ಅಮ್ಮನ ಆಟ ನಡೆಯಲಿಲ್ಲ. ಚೀಲಕ್ಕೆ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಒಂದು ಡಬ್ಬಿ ಒಣಶುಂಠಿ ಸೇರಿದವು.

ದೋಣಿಯೇ ಮನೆ

ಮ್ಯೂನಿಕ್‌ನಿಂದ ಕಾರಿನಲ್ಲಿ ಒಂದಿಡೀ ದಿನದ ದಾರಿ. ಏಡ್ರಿಯಾಟಿಕ್ ಸಮುದ್ರದ ದಡದ ಬಿಯೊಗ್ರಾದ್ ಎಂಬ ಊರಿನಿಂದ ಜೂನ್ ಮೊದಲ ಶನಿವಾರ ಹೊರಟೆವು. ಹನ್ನೆರಡು ಮೀಟರ್ ಉದ್ದದ ದೋಣಿ, ಮೂರು ಪುಟ್ಟ ಕೋಣೆ, ಒಂದು ಒಲೆ. ನಮ್ಮಲ್ಲಿ ಯಾರಿಗೂ ದೋಣಿ ನಡೆಸುವ ಲೈಸೆನ್ಸ್ ಇರಲಿಲ್ಲವಾದ್ದರಿಂದ ಅಲ್ಲಿಯವನೇ ಆದ ಒಬ್ಬ ಸ್ಕಿಪ್ಪರ್ ಹುಡುಗ ಜೊತೆಗಿದ್ದ.

ಅಮ್ಮ ಚೂಡಿದಾರದ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು, ಚುಕ್ಕಾಣಿಯ ಹತ್ತಿರದ ಕಂಬಿ ಹಿಡಿದು ಕೂತವಳು ಎರಡು ಗಂಟೆ ಅಲುಗಾಡಲಿಲ್ಲ. ಅವಳ ಎದುರಿಗೇ ಆಳ ತೋರಿಸುವ ಮೀಟರ್ ಇತ್ತು. “ಈಗ ಎಷ್ಟಿದೆ?” ಅಂತ ಮೊಮ್ಮಗಳನ್ನು ಕೇಳುತ್ತಿದ್ದಳು. “ನಲವತ್ತು ಮೀಟರ್, ಅಮ್ಮಮ್ಮ.” ಸ್ವಲ್ಪ ಹೊತ್ತು ಬಿಟ್ಟು, “ಈಗ?”

ಇವಳನ್ನು ಕರ್ಕೊಂಡು ಬಂದು ತಪ್ಪು ಮಾಡಿದ್ನಾ ಅಂತ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆ ತಪ್ಪು ಮಾಡಿದ್ದು ನಾನೇ ಅಂತ ಬೇರೆ ರೀತಿಯಲ್ಲಿ ಗೊತ್ತಾಯಿತು. ನಮ್ಮ ಟ್ಯಾಂಕಿನಲ್ಲಿದ್ದದ್ದು 350 ಲೀಟರ್ ಸಿಹಿನೀರು. ನಾನು, ಮಗಳು ತಲೆಸ್ನಾನ ಮಾಡಿ, ಪಾತ್ರೆಗಳನ್ನು ಧಾರಾಳವಾಗಿ ತೊಳೆದು ಒಂದೇ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಖಾಲಿ ಮಾಡಿದ್ದೆವು. ಮುಂದಿನ ನಾಲ್ಕು ದಿನ ನಾವು ನಿಲ್ಲುವ ಕಡೆ ನೀರು ತುಂಬಿಸಿಕೊಳ್ಳಲು ಜಾಗವಿಲ್ಲ ಅಂದ ಸ್ಕಿಪ್ಪರ್. ಅವತ್ತಿಂದ ಅಡುಗೆಮನೆ ಅಮ್ಮನ ಕೈಗೆ ಹೋಯಿತು. ಪಾತ್ರೆಗೆ ಮೊದಲು ಸಮುದ್ರದ ನೀರು, ಕೊನೆಗೆ ಒಂದು ಲೋಟ ಸಿಹಿನೀರು. ಅಕ್ಕಿ ತೊಳೆದ ನೀರಿನಲ್ಲಿ ತಟ್ಟೆ ಜಾಲಿಸುವುದು. “ಬಾವಿಯಿಂದ ಸೇದಿ ತಲೆ ಮೇಲೆ ಹೊತ್ತವರಿಗೆ ಇದೇನು ಹೊಸದಾ?” ಅಂದಳು. ಮೂರು ದಿನಗಳಲ್ಲಿ ಮೊದಲ ಸಲ ನಕ್ಕಳು.

ಕಲ್ಲು, ಗೋಡೆ, ಮೌನ

ಭಾನುವಾರ ತಲುಪಿದ್ದು ದುಗಿ ಓಟೊಕ್ ಎಂಬ ಉದ್ದನೆಯ ದ್ವೀಪದ ತುದಿಯ ತೆಲಾಶ್ಚಿತ್ಸಾ ಕೊಲ್ಲಿಗೆ. ಒಂದು ಪಕ್ಕದಲ್ಲಿ ಶಾಂತವಾದ ಕೊಲ್ಲಿ. ಇನ್ನೊಂದು ಪಕ್ಕದಲ್ಲಿ ತೆರೆದ ಸಮುದ್ರಕ್ಕೆ ನೇರ ಇಳಿಯುವ ಬಂಡೆಗೋಡೆ. ಅದರ ಅತಿ ಎತ್ತರದ ಜಾಗ 161 ಮೀಟರ್. ಎರಡರ ನಡುವೆ ಒಂದು ಉಪ್ಪುನೀರಿನ ಕೆರೆ. ಅದರ ಹೆಸರು ‘ಮಿರ್’. ಅಲ್ಲಿಯ ಭಾಷೆಯಲ್ಲಿ ಶಾಂತಿ ಅಂತ ಅರ್ಥ. ಅಲ್ಲಿ ಓಡಾಡುವ ಕತ್ತೆಗಳು ಅಮ್ಮನ ಕೈಯಲ್ಲಿದ್ದ ಸೇಬಿನ ಸಿಪ್ಪೆಯ ಹಿಂದೆ ಬಿದ್ದವು.

ಅಲ್ಲಿಂದ ದಕ್ಷಿಣಕ್ಕೆ ಕೊರ್ನಾಟಿ. 1980ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಭಾಗದಲ್ಲಿ ದ್ವೀಪ, ನಡುಗಡ್ಡೆ, ಬಂಡೆ ಎಲ್ಲ ಸೇರಿ 89 ಇವೆ. ವರ್ಷವಿಡೀ ನೆಲೆಸಿರುವ ಊರು ಒಂದೂ ಇಲ್ಲ. ರಸ್ತೆ ಇಲ್ಲ, ಕಾರಿಲ್ಲ. ಹಸಿರು ದ್ವೀಪಗಳನ್ನು ಊಹಿಸಿಕೊಂಡು ಹೋದರೆ ಮೊದಲ ನೋಟಕ್ಕೆ ನಿರಾಸೆಯಾದೀತು. ಎಲ್ಲವೂ ಬೋಳು ಸುಣ್ಣಕಲ್ಲಿನ ಗುಡ್ಡಗಳು. ಸಂಜೆ ಬಿಸಿಲು ಬಿದ್ದಾಗ ಮಾತ್ರ ಅವು ಜೇನಿನ ಬಣ್ಣಕ್ಕೆ ತಿರುಗುತ್ತವೆ.

ಇದನ್ನು ಮನುಷ್ಯರು ಮುಟ್ಟದ ಪ್ರಕೃತಿ ಅನ್ನುವುದೂ ಪೂರ್ತಿ ನಿಜವಲ್ಲ. ಕುರಿ ಮೇಯಿಸಲು ಕಾಡು ಕಡಿದು ಸುಟ್ಟು, ಶತಮಾನಗಳ ಹಿಂದೆಯೇ ಗುಡ್ಡಗಳು ಬೋಳಾದವು. ಗುಡ್ಡದ ನೆತ್ತಿಯಿಂದ ನೀರಿನವರೆಗೆ ಗಾರೆಯಿಲ್ಲದೆ ಬರೀ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು ಸಾಗುತ್ತವೆ. ಎಲ್ಲ ಸೇರಿಸಿದರೆ 300 ಕಿಲೋಮೀಟರಿಗೂ ಹೆಚ್ಚು. ಪಕ್ಕದ ಮುರ್ತೆರ್ ದ್ವೀಪದ ಕುಟುಂಬಗಳಿಗೆ ಇಲ್ಲಿ ಇಂದಿಗೂ ಜಮೀನು, ಆಲಿವ್ ಮರಗಳಿವೆ. ಕೊರ್ನಾಟ್ ದ್ವೀಪದ ಇಳಿಜಾರಿನಲ್ಲಿ ಅದೇ ಕಲ್ಲಿನಿಂದ ಮಾಡಿದ 12 ದೊಡ್ಡ ಶಿಲುಬೆಗಳಿವೆ. 2007ರ ಆಗಸ್ಟ್‌ನಲ್ಲಿ ಇಲ್ಲಿ ಎದ್ದ ಬೆಂಕಿಗೆ ಸಿಕ್ಕಿ ಪ್ರಾಣ ಕಳೆದುಕೊಂಡ 12 ಅಗ್ನಿಶಾಮಕರ ನೆನಪಿಗೆ. ಅದರ ಎದುರು ಹಾದುಹೋಗುವಾಗ ಯಾರೂ ಮಾತಾಡಲಿಲ್ಲ.

ಗಾಳಿ ಹೇಳಿದ ಹಾಗೆ

ದಿನದ ಪ್ರೋಗ್ರಾಂ ಮಾಡುವುದು ನಾವಲ್ಲ, ಗಾಳಿ. ಒಳ್ಳೆಯ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ‘ಮಯೆಸ್ತ್ರಾಲ್’ ಬೀಸುತ್ತದೆ. ಎಂಜಿನ್ ನಿಲ್ಲಿಸಿ ಹಾಯಿ ಬಿಚ್ಚಿದರೆ ಬರೀ ನೀರು ಸೀಳುವ ಸದ್ದು. ಸೋಮವಾರ ಹಾಗೆ ಹೋಗುವಾಗ ಎರಡು ಡಾಲ್ಫಿನ್‌ಗಳು ಪಕ್ಕದಲ್ಲಿ ಬಂದವು. ಅಮ್ಮ ಕಂಬಿಯಿಂದ ಕೈ ಬಿಟ್ಟಿದ್ದು ಆಗಲೇ. ಮಂಗಳವಾರ ಸ್ಕಿಪ್ಪರ್ ಮಗಳಿಗೆ ಹಗ್ಗದ ಕುಣಿಕೆ ಹಾಕಲು ಕಲಿಸುತ್ತಿದ್ದ. ಅಮ್ಮ ಹಗ್ಗ ಇಸ್ಕೊಂಡು ಕ್ಷಣದಲ್ಲಿ ಹಾಕಿ ತೋರಿಸಿದಳು. “ಕರುವಿಗೆ ಹಾಕೋ ಗಂಟು ಕಣೇ ಇದು. ಎಳೆದ್ರೂ ಕುತ್ತಿಗೆ ಬಿಗಿಯಲ್ಲ.” ಹುಡುಗ ಬೆರಗಾಗಿ ನೋಡಿದ.

ಬುಧವಾರ ಆಗ್ನೇಯದಿಂದ ‘ಯುಗೊ’ ಶುರುವಾಯಿತು. ಮೋಡ ತರುವ, ದಿನವಿಡೀ ಅಲೆ ಏರಿಸುತ್ತಾ ಹೋಗುವ ಗಾಳಿ ಅದು. ಅವತ್ತು ಇನ್ನೊಂದು ದ್ವೀಪ ನೋಡುವುದಿತ್ತು. ನಮ್ಮವರು “ಎರಡೇ ಗಂಟೆ ದಾರಿ ಅಲ್ವಾ, ಹೋಗಿಬಿಡೋಣ” ಅಂದರು. ಸ್ಕಿಪ್ಪರ್ ತಲೆ ಅಲ್ಲಾಡಿಸಿದ. ಲಾವ್ಸಾ ದ್ವೀಪದ ಕೊಲ್ಲಿಯಲ್ಲಿ ತೇಲುವ ಬುರುಡೆಗೆ ದೋಣಿ ಕಟ್ಟಿ ನಿಂತೆವು. ಅಲ್ಲಿ ಲಂಗರಿಗಿಂತ ಬುರುಡೆಗೆ ಕಟ್ಟುವುದೇ ವಾಸಿ. ತಳದಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲು ಇದೆ. ಮೀನುಮರಿಗಳ ಮನೆ ಅದು. ಲಂಗರು ಬಿದ್ದು ಎಳೆದರೆ ಕಿತ್ತುಹೋಗುತ್ತದೆ. ಮತ್ತೆ ಬೆಳೆಯಲು ಎಷ್ಟೋ ವರ್ಷ ಬೇಕು.

ಮಳೆ, ದೋಣಿಯ ಓಲಾಟ. ಎಲ್ಲರೂ ಒಳಗೆ ಕೂತು ಶುಂಠಿ ಕಷಾಯ ಕುಡಿಯುತ್ತಿದ್ದೆವು. ಸ್ಕಿಪ್ಪರ್ ಮೇಜಿನ ಮೇಲೆ ನಕ್ಷೆ ಹರಡಿ, ಈ ದ್ವೀಪಗಳು ಸಾಲುಸಾಲಾಗಿ ಯಾಕಿವೆ ಅಂತ ಮಗಳಿಗೆ ವಿವರಿಸುತ್ತಿದ್ದ. ಇವೆಲ್ಲ ಒಂದು ಕಾಲದ ಬೆಟ್ಟಸಾಲುಗಳು. ಹಿಮಯುಗ ಮುಗಿದು ಹಿಮ ಕರಗಿ ಸಮುದ್ರ ಮೇಲೇರಿದಾಗ ಕಣಿವೆಗಳು ಮುಳುಗಿದವು, ನೆತ್ತಿಗಳು ಉಳಿದವು. ಮಗಳು ಅಮ್ಮನಿಗೆ ತನ್ನ ಅರ್ಧಂಬರ್ಧ ಕನ್ನಡದಲ್ಲಿ ಹೇಳಿದಳು.

ಅಮ್ಮ ನಕ್ಷೆಯನ್ನೇ ನೋಡುತ್ತಾ ಕೂತಳು. ಆಮೇಲೆ, “ಅಂದ್ರೆ ಇವು ದ್ವೀಪ ಅಲ್ಲ. ಗುಡ್ಡದ ತಲೆ. ನಮ್ಮೂರಲ್ಲೂ ಹಂಗೇ” ಅಂದಳು.

ಮಗಳ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಹಿಡಿದು ಒಂದು ನಕ್ಷೆ ಬರೆದಳು. ಇದು ಮನೆ, ಇದು ಬಾವಿ, ಇದು ಅಡಿಕೆ ತೋಟ. ಇಲ್ಲಿಂದ ಗದ್ದೆ. ಇದು ನಾವು ಮುರುಗಲ ಹಣ್ಣು ಹೆಕ್ಕಲು ಹತ್ತುತ್ತಿದ್ದ ಗುಡ್ಡ. “ಇದೊಂದು ಮಾತ್ರ ಈಗ್ಲೂ ನೀರಿನ ಮೇಲಿದೆಯಂತೆ. ನಿಮ್ಮಜ್ಜ ಹಸು ಹೊಡ್ಕೊಂಡು ಹೊರಟಾಗ ಬಾವಿಗೆ ಕೈ ಮುಗಿದ್ರು. ನಾನು ಗಾಡಿ ಮೇಲೆ ಹಿಂದಕ್ಕೆ ಮುಖ ಮಾಡಿ ಕೂತಿದ್ದೆ.”

ನನಗೆ ನಲವತ್ತೆರಡು ವರ್ಷ. ಈ ಮಾತನ್ನು ಅವತ್ತೇ ಮೊದಲು ಕೇಳಿದ್ದು.

“ಅಮ್ಮಮ್ಮ, ನಿಮ್ಮ ಮನೆ ಮೇಲೆ ಎಷ್ಟು ಮೀಟರ್ ನೀರಿದೆ?” ಮಗಳು ಕೇಳಿದಳು. ಅಮ್ಮನಿಗೂ ಗೊತ್ತಿರಲಿಲ್ಲ. ಈ ದಿನಗಳಲ್ಲೆಲ್ಲ ಮೀಟರ್ ನೋಡಿ ನೋಡಿ ಅವಳು ಕೇಳುತ್ತಿದ್ದದ್ದು ಏನು ಅಂತ ನನಗೆ ಆಗ ಹೊಳೆಯಿತು.

ಶುಕ್ರವಾರದ ಹೊತ್ತಿಗೆ ಗಾಳಿ ತಗ್ಗಿತು. ವಾಪಸು ಬರುವಾಗ ಸ್ಕಿಪ್ಪರ್ ಕೇಳಿದ್ದಕ್ಕೆ ಅಮ್ಮ ಹತ್ತು ನಿಮಿಷ ಚುಕ್ಕಾಣಿ ಹಿಡಿದಳು. ಭಯ ಪೂರ್ತಿ ಹೋಗಿತ್ತು ಅನ್ನಲಾರೆ. ಕಣ್ಣು ಆ ಮೀಟರ್ ಮೇಲೇ ಇತ್ತು. ಆದರೆ ಊರಿಗೆ ಮರಳಿದ ಮೇಲೆ ಒಂದು ದಿನ ಫೋನ್ ಮಾಡಿ, “ಸಿಗಂದೂರಿಗೆ ಸೇತುವೆ ಆಗ್ತಿದೆಯಂತೆ. ಅದಕ್ಕೆ ಮುಂಚೆ ಒಂದ್ಸಲ ಲಾಂಚಲ್ಲಿ ಹೋಗ್ಬೇಕು. ನೀವು ಬಂದಾಗ ಹೋಗೋಣ” ಅಂದಳು. ಆ ಡಿಸೆಂಬರಿನಲ್ಲಿ ಹೋದೆವು. ಲಾಂಚಿನ ಕಂಬಿ ಹಿಡಿದು ನಿಂತು, ದೂರದ ಒಂದು ಗುಡ್ಡದ ಕಡೆಗೆ ಮೊಮ್ಮಗಳಿಗೆ ಕೈ ತೋರಿಸಿದಳು. 2025ರ ಜುಲೈಯಲ್ಲಿ ಸೇತುವೆ ತೆರೆಯಿತು.

ನೀವೂ ಹೊರಡುವುದಾದರೆ

• ಕ್ರೊವೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ವಲಯದಲ್ಲಿದೆ. ಷೆಂಗೆನ್ ವೀಸಾ ಸಾಕು, ಹಣ ಯೂರೋ.
• ಬಾಡಿಗೆ ದೋಣಿಗಳು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ. ಲೈಸೆನ್ಸ್ ಇಲ್ಲದಿದ್ದರೆ ಸ್ಕಿಪ್ಪರ್ ಬೇಕೇಬೇಕು.
• ಜುಲೈ, ಆಗಸ್ಟ್‌ನಲ್ಲಿ ಜನಜಂಗುಳಿ. ಶಾಂತಿ ಬೇಕಾದರೆ ಜೂನ್ ಅಥವಾ ಸೆಪ್ಟೆಂಬರ್.
• ಕೊರ್ನಾಟಿ ಪ್ರವೇಶದ ಟಿಕೆಟ್ ಮೊದಲೇ ಕೊಂಡರೆ ಅಗ್ಗ. ರಾತ್ರಿ ತಂಗುವುದು ಗೊತ್ತುಪಡಿಸಿದ ಕೊಲ್ಲಿಗಳಲ್ಲಿ ಮಾತ್ರ.
• ಗಟ್ಟಿ ಸೂಟ್‌ಕೇಸ್ ಬೇಡ, ಇಡಲು ಜಾಗವಿರದು. ಮಡಚುವ ಚೀಲ ತನ್ನಿ.
• ಸಸ್ಯಾಹಾರಿಗಳು ‘ಬ್ಲಿತ್ವಾ’ ಕೇಳಿ. ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆಯ ಪಲ್ಯ. ಅಮ್ಮನ ಚಟ್ನಿಪುಡಿಯ ಜೊತೆ ಚೆನ್ನಾಗಿ ಹೊಂದುತ್ತದೆ.