ರಜೆಯಲ್ಲಿ ಮೇಷ್ಟ್ರೂ ವಿದ್ಯಾರ್ಥಿ

ಬೆಂಗಳೂರಿನ ಹೊರವಲಯದ ಬಹುತೇಕ ಊರುಗಳಂತೆ ಮಾಕಳಿಯ ಸುತ್ತಲೂ ಬೇಸಿಗೆ ರಜೆ ಎಂದರೆ ಈಜು, ಕರಾಟೆ, ಅಬ್ಯಾಕಸ್, ಕೋಡಿಂಗ್ ಶಿಬಿರಗಳ ಕಾಲ. ಶುಲ್ಕ ಕಟ್ಟಬಲ್ಲವರ ಮಕ್ಕಳು ಅಲ್ಲಿರುತ್ತಾರೆ. ಪೀಣ್ಯದ ಪಾಳಿ ಕೆಲಸಕ್ಕೆ ಹೋಗುವವರ ಮಕ್ಕಳು ಊರಿಗೆ ಹೋಗುತ್ತಾರೆ, ಇಲ್ಲವೇ ಮನೆ ಕಾಯುತ್ತಾರೆ. ಆದರೆ ಈ ಊರಿನ ಭೂಗೋಳಕ್ಕೆ ಒಂದು ವಿಶೇಷವಿದೆ. ಮಾಕಳಿಯನ್ನು ಹಾಯ್ದು ಹೋಗುವ ಹೆದ್ದಾರಿಯಲ್ಲಿ ನಗರದ ಕಡೆ ಹೊರಟರೆ ಯಶವಂತಪುರದ ಮಗ್ಗುಲಲ್ಲೇ 1909ರ ಭಾರತೀಯ ವಿಜ್ಞಾನ ಸಂಸ್ಥೆ. ಅದೇ ಹೆದ್ದಾರಿಯಲ್ಲಿ ತಿರುಗಿ ಹಿರಿಯೂರಿನವರೆಗೆ ಹೋಗಿ ಬಲಕ್ಕೆ ಹೊರಳಿದರೆ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಅದೇ ಸಂಸ್ಥೆಯ ಎರಡನೆಯ ಆವರಣ. 2024ರ ನವೆಂಬರ್‌ನಿಂದ ಮೆಟ್ರೊ ಕೂಡ ಪಕ್ಕದ ಮಾದಾವರಕ್ಕೆ ಬಂದಿದೆ. ವಿಜ್ಞಾನದ ಎರಡು ದೊಡ್ಡ ಅಂಗಳಗಳ ನಡುವಿನ ದಾರಿಯಲ್ಲಿರುವ ಊರಿಗೆ ಆ ಅಂಗಳಗಳ ಬೇಸಿಗೆ ಎಷ್ಟು ಗೊತ್ತು ಎಂಬುದು ಕೇಳಬೇಕಾದ ಪ್ರಶ್ನೆ.

ಗೊತ್ತಿರಬೇಕಾದದ್ದು ಬಹಳವಿದೆ. ಸಿ.ಎನ್.ಆರ್. ರಾವ್ ಅವರ ನೇತೃತ್ವದಲ್ಲಿ 1989ರಲ್ಲಿ ಹುಟ್ಟಿದ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆಯ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತ ಬಂದಿದೆ. ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರದಲ್ಲಿ ಅದು ರೂಪಿಸಿದ ಇನ್ನೊಂದು ಬಗೆಯ ಶಿಬಿರದಲ್ಲಿ ಒಬ್ಬನೇ ವಿದ್ಯಾರ್ಥಿ ಮೂರು ಬೇಸಿಗೆ ಸತತವಾಗಿ ಬಂದು ಪಾಠ ಕೇಳಿ, ಪ್ರಯೋಗಾಲಯದಲ್ಲಿ ಕೈಯಾಡಿಸಿ, ಕೊನೆಗೆ ಡಿಪ್ಲೊಮಾ ಪಡೆಯುತ್ತಾನೆ. ಶಾಲೆ–ಕಾಲೇಜಿನ ಸಂಧಿಯಲ್ಲಿರುವವರಿಗಾಗಿ 1999ರಲ್ಲಿ ಶುರುವಾದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ವಿಜ್ಞಾನ ಸಂಸ್ಥೆಯೇ ನಡೆಸುತ್ತಿತ್ತು. ಅದು 2022ರಲ್ಲಿ ಇನ್‌ಸ್ಪೈರ್ ಯೋಜನೆಯೊಳಗೆ ಕರಗಿತು. ಇವೆಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ, ಸದಾಶಿವನಗರದ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗ್‌ರಾಜ್‌ನ ಸೋದರ ಅಕಾಡೆಮಿಗಳ ಜೊತೆಗೂಡಿ ನಡೆಸುವ ಬೇಸಿಗೆ ಫೆಲೋಶಿಪ್. ಆಯ್ಕೆಯಾದವರು ದೇಶದ ಯಾವುದಾದರೊಂದು ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಬಳಿ ಸುಮಾರು ಎರಡು ತಿಂಗಳು ಕೆಲಸ ಮಾಡುತ್ತಾರೆ. ಇದಕ್ಕೆ ವಿದ್ಯಾರ್ಥಿಗಳು ಮಾತ್ರವಲ್ಲ, ಅಧ್ಯಾಪಕರೂ ಅರ್ಜಿ ಹಾಕಬಹುದು. ಸುದ್ದಿಯಾಗುವುದು ವಿದ್ಯಾರ್ಥಿಗಳ ಆಯ್ಕೆ. ಈ ಇಡೀ ವ್ಯವಸ್ಥೆಯಲ್ಲಿ ಹೆಚ್ಚು ಫಲ ಕೊಡುವುದು ಮಾತ್ರ ಅಧ್ಯಾಪಕರ ಪಾಲಿನ ಸೀಟು ಎಂಬುದು ಈ ಲೇಖನದ ವಾದ.

ಮೊದಲು, ಇಂಥ ಬೇಸಿಗೆಯಲ್ಲಿ ಏನು ಕಲಿಯುತ್ತಾರೆ? ಎರಡು ತಿಂಗಳಲ್ಲಿ ಸಂಶೋಧನೆ ಆಗುವುದಿಲ್ಲ ಎಂಬ ಟೀಕೆ ನಿಜವೇ. ದ್ರಾವಣ ಕೆಡುತ್ತದೆ, ಉಪಕರಣದ ಸರದಿ ಸಿಗುವುದಿಲ್ಲ, ಗ್ರಾಫ್ ಪುಸ್ತಕದಲ್ಲಿದ್ದಂತೆ ಬರುವುದಿಲ್ಲ, ಅಷ್ಟರಲ್ಲಿ ಜೂನ್ ಮುಗಿದಿರುತ್ತದೆ. ಹದಿನೈದು ವರ್ಷ ಗೈಡ್ ಓದಿ ಪರೀಕ್ಷೆ ಬರೆದವರಿಗೆ, ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯೊಂದಿಗೆ ದಿನ ಕಳೆಯುವ ಅನುಭವ ಸಿಗುವುದು ಹೀಗೆ ಕೆಟ್ಟ ಪ್ರಯೋಗಗಳ ನಡುವೆಯೇ. ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಗಣಿತ ತರಬೇತಿ ಮತ್ತು ಪ್ರತಿಭಾ ಶೋಧ ಶಿಬಿರಗಳಲ್ಲಿ ಉಪಕರಣವೂ ಬೇಕಿಲ್ಲ, ಕರಿಹಲಗೆ ಸಾಕು. ಅಲ್ಲಿ ಅಧ್ಯಾಪಕರು ಸಾಧನೆಯನ್ನು ಬರೆದುಕೊಟ್ಟು ಮುಂದೆ ಸಾಗುವುದಿಲ್ಲ. ಪ್ರಶ್ನೆ ಕೇಳುತ್ತಾರೆ, ವಿದ್ಯಾರ್ಥಿ ತಡವರಿಸುವವರೆಗೆ ಕಾಯುತ್ತಾರೆ, ಮತ್ತೆ ಕೇಳುತ್ತಾರೆ. ಹೀಗೆ ಕಾಯುವ ತಾಳ್ಮೆ ನಮ್ಮ ಮಾಮೂಲಿ ತರಗತಿಯಲ್ಲಿ ಕಾಣಸಿಗುವುದು ಅಪರೂಪ. ಅದು ಮೇಷ್ಟ್ರ ಅಭ್ಯಾಸವಾಗದ ಹೊರತು, ಶಿಬಿರದಿಂದ ಮರಳಿದ ಹುಡುಗ ಜುಲೈನಲ್ಲಿ ಮತ್ತೆ ಡಿಕ್ಟೇಷನ್ ಬರೆದುಕೊಳ್ಳುತ್ತಾನೆ.

ಎರಡನೆಯ ಕಾರಣ ಇನ್ನೂ ಪ್ರಾಪಂಚಿಕವಾದದ್ದು. ಫೆಲೋಶಿಪ್ ಅರ್ಜಿಗೆ ಅಂಕಗಳ ಜೊತೆ ವಿದ್ಯಾರ್ಥಿಯ ಕಿರುಬರಹ ಮತ್ತು ಅಧ್ಯಾಪಕರ ಶಿಫಾರಸು ಪತ್ರ ಬೇಕು. ಮಹಾನಗರದ ಹೆಸರಾಂತ ಕಾಲೇಜಿನಲ್ಲಿ ಈ ಪತ್ರ ಬರೆದು ರೂಢಿಯಿರುವವರು ಇರುತ್ತಾರೆ. ನೆಲಮಂಗಲದ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ಯೋಜನೆಯ ಹೆಸರನ್ನೇ ಮೇಷ್ಟ್ರು ಕೇಳಿರದಿದ್ದರೆ, ಅಲ್ಲಿನ ಚುರುಕು ಹುಡುಗಿ ಆಯ್ಕೆಯಲ್ಲಿ ಸೋಲುವುದಿಲ್ಲ. ಆಯ್ಕೆಯ ಸಾಲಿಗೇ ಬಂದಿರುವುದಿಲ್ಲ. ಒಬ್ಬ ಅಧ್ಯಾಪಕಿ ಒಂದು ಬೇಸಿಗೆ ಪ್ರಯೋಗಾಲಯದಲ್ಲಿದ್ದು ಬಂದರೆ, ನಿವೃತ್ತಿಯವರೆಗೆ ಆ ಕಾಲೇಜಿನ ಪ್ರತಿ ತಂಡಕ್ಕೂ ಅರ್ಜಿ ಹಾಕಿಸಬಲ್ಲವರೊಬ್ಬರು ಇರುತ್ತಾರೆ.

ಇದೇನೂ ಹೊಸ ಕಾಣ್ಕೆಯಲ್ಲ. ಅಮೆರಿಕದ ಹೈಸ್ಕೂಲು ಮಕ್ಕಳ ಗಣಿತ ಶಿಬಿರಗಳಲ್ಲಿ ಹಿರಿಯಣ್ಣನಾದ ರಾಸ್ ಶಿಬಿರವನ್ನು ಗಣಿತಜ್ಞ ಆರ್ನಾಲ್ಡ್ ರಾಸ್ 1957ರಲ್ಲಿ ನೋಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು ಶಿಕ್ಷಕರಿಗೆಂದು ತಾನು ನಡೆಸುತ್ತಿದ್ದ ತರಬೇತಿಯ ಮುಂದುವರಿಕೆಯಾಗಿ. ಮಕ್ಕಳು ಬಂದದ್ದು ಶಿಕ್ಷಕರ ಹಿಂದೆ. ಕುದಾಪುರದ ಪ್ರತಿಭಾ ಅಭಿವೃದ್ಧಿ ಕೇಂದ್ರವೂ ವಿಜ್ಞಾನ ಶಿಕ್ಷಕರನ್ನು ವಸತಿಗಿಟ್ಟುಕೊಂಡು, ಅವರ ಕೈಯಿಂದಲೇ ಪ್ರಯೋಗ ಮಾಡಿಸುವ ದಾರಿ ಹಿಡಿದಿದೆ. ಸಾವಿರಾರು ಶಿಕ್ಷಕರು ಅಲ್ಲಿಗೆ ಹೋಗಿಬಂದಿದ್ದಾರೆ.

ಆಕ್ಷೇಪಗಳಿವೆ. ಬಡ ಮಕ್ಕಳು ಹಿಂದೆ ಬೀಳುವುದೇ ರಜೆಯಲ್ಲಿ, ಆದ್ದರಿಂದ ನೇರವಾಗಿ ಅವರನ್ನೇ ಕರೆಯಿರಿ ಎನ್ನುವವರು ಬಾಲ್ಟಿಮೋರಿನ ಅಧ್ಯಯನವನ್ನು ಮುಂದಿಡಬಹುದು. ಕಾರ್ಲ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಆ ಬರಹದ ಪ್ರಕಾರ, ಒಂಬತ್ತನೇ ತರಗತಿಯಲ್ಲಿ ಕಾಣುವ ಉಳ್ಳವರ–ಇಲ್ಲದವರ ಮಕ್ಕಳ ಕಲಿಕೆಯ ಅಂತರದಲ್ಲಿ ಮೂರನೇ ಎರಡು ಭಾಗ ಪ್ರಾಥಮಿಕ ಶಾಲೆಯ ಬೇಸಿಗೆಗಳಲ್ಲಿ ಹುಟ್ಟಿದ್ದು. ಈ ಲೆಕ್ಕದ ಹಿಂದಿನ ಪರೀಕ್ಷೆಗಳ ಅಳತೆಗೋಲನ್ನೇ ಮುಂದೆ ಕೆಲವು ಸಂಶೋಧಕರು ಪ್ರಶ್ನಿಸಿದರು. ಅದು ಪೂರ್ತಿ ಸರಿಯೆಂದೇ ಇಟ್ಟುಕೊಂಡರೂ ಎರಡನೇ ತರಗತಿಯ ಮಗುವಿಗೆ ಬೇಕಾದದ್ದು ಊರಿನ ಗ್ರಂಥಾಲಯ, ಕಥೆಪುಸ್ತಕ, ಸ್ಪೆಕ್ಟ್ರೋಮೀಟರ್ ಅಲ್ಲ. ವಿಶ್ವವಿದ್ಯಾಲಯ ಮಾಡಬಲ್ಲ ಕೆಲಸ ಬೇರೆ.

ಗಟ್ಟಿ ಆಕ್ಷೇಪ ಇನ್ನೊಂದಿದೆ: ಮೇಷ್ಟ್ರಿಗೆ ಬೇಸಿಗೆ ರಜೆ ಎಲ್ಲಿ ಉಳಿದಿದೆ? ಮೌಲ್ಯಮಾಪನ, ಚುನಾವಣೆ, ಗಣತಿ ಮೊದಲೇ ಇದ್ದವು. ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದ ಮೇಲೆ ಏಪ್ರಿಲ್–ಮೇ ಇನ್ನಷ್ಟು ಕಿರಿದಾಗಿದೆ. ದಣಿದವರನ್ನು ಇನ್ನೊಂದು ತರಬೇತಿಗೆ ಅಟ್ಟಿದರೆ ಅವರು ಸಹಿ ಹಾಕಿ ಕೂರುತ್ತಾರೆ ಅಷ್ಟೆ. ಕಡ್ಡಾಯ ತರಬೇತಿಗಳ ಗತಿ ಏನಾಗಿದೆ ಎಂಬುದು ಶಿಕ್ಷಕರಿಗೆ ಗೊತ್ತಿರುವ ಗುಟ್ಟು. ಹಾಗಾಗಿ ಇದು ಅರ್ಜಿ ಹಾಕಿ ಬಂದವರಿಗೆ ಮಾತ್ರ ಇರಬೇಕು, ಮತ್ತು ಅದಕ್ಕೆ ಬೆಲೆ ಸಿಗಬೇಕು. ರಜೆಯಲ್ಲಿ ಸರ್ಕಾರಿ ಕೆಲಸ ಮಾಡಿದ ಶಿಕ್ಷಕರಿಗೆ ಗಳಿಕೆ ರಜೆ ಕೊಡುವ ಪದ್ಧತಿ ಇದ್ದೇ ಇದೆ. ಪ್ರಯೋಗಾಲಯದಲ್ಲಿ ಕಳೆದ ವಾರಗಳನ್ನೂ ಅದೇ ಲೆಕ್ಕಕ್ಕೆ ಹಿಡಿಯಲು ಹೊಸ ಕಾಯ್ದೆ ಬೇಕಿಲ್ಲ, ಒಂದು ಆದೇಶ ಸಾಕು. ಮರಳಿದ ಮೇಲೆ ಕಾಲೇಜಿನಲ್ಲಿ ಉಪಕರಣವಿಲ್ಲ ಎಂಬ ಕೊರಗಿಗೆ ಪೀಣ್ಯದ ದಿಕ್ಕಿನಿಂದ ಉತ್ತರವಿದೆ. ಸಾವಿರಾರು ಸಣ್ಣ ಕಾರ್ಖಾನೆಗಳ ಆ ಪ್ರದೇಶದಲ್ಲಿ ಲೋಹ ಕೊರೆಯುವ, ಅಳೆಯುವ, ಲೇಪಿಸುವ ಕೆಲಸ ದಿನವೂ ನಡೆದಿದೆ. ಒಂದು ಭಾಗದ ಅಳತೆ ಮೈಕ್ರಾನ್‌ಗಳಲ್ಲಿ ಏಕೆ ತಪ್ಪುತ್ತದೆ, ಲೇಪನ ಏಕೆ ಏಳುತ್ತದೆ ಎಂಬುದು ಭೌತಶಾಸ್ತ್ರ–ರಸಾಯನಶಾಸ್ತ್ರದ ಅಪ್ಪಟ ಪ್ರಶ್ನೆ. ಅದನ್ನು ಪಾಠವಾಗಿಸುವ ಕಣ್ಣು ಮೇಷ್ಟ್ರಿಗೆ ಬಂದಿದ್ದರೆ ಮಾಕಳಿಯ ಹುಡುಗರಿಗೆ ಮನೆಯವರ ಕೆಲಸದ ಜಾಗವೇ ಪ್ರಯೋಗಾಲಯವಾದೀತು.

ಅಕಾಡೆಮಿಯ ಅರ್ಜಿಗಳು ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಮುಗಿದುಹೋಗುತ್ತವೆ. ದಸರಾ ರಜೆ ಮುಗಿದು ಕಾಲೇಜು ಮತ್ತೆ ತೆರೆಯುವ ವಾರವೇ ಸ್ಟಾಫ್ ರೂಮಿನಲ್ಲಿ ಇದರ ಮಾತು ಎತ್ತಬೇಕು.