ವಿಮಾನದ ಪಿಸ್ಟನ್ ಎಂಜಿನ್ ಬಿಡಿಭಾಗಗಳ ಶುಚೀಕರಣ ಮತ್ತು ತಪಾಸಣೆ: ಅರ್ಜಿದಾರರ ಮಾಹಿತಿಗಾಗಿ

ವಿಮಾನ ನಿರ್ವಹಣಾ ಎಂಜಿನಿಯರ್ ತರಬೇತಿಗೆ ಅರ್ಜಿ ಸಲ್ಲಿಸಲು ಇಚ್ಛಿಸುವ ಬಾಣಸವಾಡಿ ಹಾಗೂ ಸುತ್ತಲಿನ ಬಡಾವಣೆಗಳ ವಿದ್ಯಾರ್ಥಿಗಳು ಮತ್ತು ಪೋಷಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಹಿನ್ನೆಲೆ

ಬೆಂಗಳೂರಿನ ಪೂರ್ವಭಾಗಕ್ಕೆ ಈ ವೃತ್ತಿಯು ಹೊಸದಲ್ಲ. 1940ರಲ್ಲಿ ಸ್ಥಾಪನೆಗೊಂಡು ಈಗ ಹೆಚ್.ಎ.ಎಲ್. ಎಂದು ಪರಿಚಿತವಾಗಿರುವ ಕಾರ್ಖಾನೆಯ ಹೆಚ್.ಟಿ.-2 ತರಬೇತಿ ವಿಮಾನವು 1951ರಲ್ಲಿಯೂ, ಪುಷ್ಪಕ್ ವಿಮಾನವು 1958ರಲ್ಲಿಯೂ ಪ್ರಥಮ ಹಾರಾಟ ನಡೆಸಿದವು. ಇವೆರಡೂ ಒಂದೇ ಪಿಸ್ಟನ್ ಎಂಜಿನ್ ಹೊಂದಿದ್ದವು. ಇಂದಿನ ಸೆಸ್ನಾ 172 ತರಬೇತಿ ವಿಮಾನವೂ ಅದೇ ಬಗೆಯದು. ಹಾರಾಟದಲ್ಲಿ ಎಂಜಿನ್ ನಿಂತಲ್ಲಿ ವಿಮಾನವನ್ನು ಕೆಳಗಿಳಿಸುವುದಲ್ಲದೆ ಅನ್ಯಮಾರ್ಗವಿರುವುದಿಲ್ಲ. ಆದ್ದರಿಂದ ಶುಚೀಕರಣವನ್ನು ತಪಾಸಣೆಯ ಅಂಗವೆಂದೇ ಪರಿಗಣಿಸತಕ್ಕದ್ದು.

ಅನುಸರಿಸುವ ಕ್ರಮ

1. ತೊಳೆಯುವ ಮುನ್ನ ಪರಿಶೀಲನೆ: ಬಿಚ್ಚಿದ ಭಾಗಗಳನ್ನು ಕೂಡಲೇ ತೊಳೆಯಬಾರದು. ಎಣ್ಣೆಯ ಜಿಡ್ಡಿನಲ್ಲಿ ಕಂಡುಬರುವ ಲೋಹದ ಚೂರುಗಳು ಒಳಗಿನ ಸವೆತವನ್ನು ಸೂಚಿಸುತ್ತವೆ. ತೊಳೆದ ನಂತರ ಈ ಸಾಕ್ಷ್ಯವು ಉಳಿಯುವುದಿಲ್ಲ.

2. ಜಿಡ್ಡು ತೆಗೆಯುವುದು: ತಯಾರಕರು ಸೂಚಿಸಿದ ಪೆಟ್ರೋಲಿಯಂ ಮೂಲದ ದ್ರಾವಕವನ್ನು ಬಳಸಲಾಗುತ್ತದೆ. ಸಾಬೂನು ಅಥವಾ ಕ್ಷಾರಯುಕ್ತ ನೀರು ಸಲ್ಲದು. ಕ್ಷಾರವು ಅಲ್ಯೂಮಿನಿಯಂ ಲೋಹವನ್ನು ತಿನ್ನುತ್ತದೆ. ಲೋಹದ ಸೂಕ್ಷ್ಮರಂಧ್ರಗಳಲ್ಲಿ ಉಳಿದ ಸಾಬೂನು, ಎಂಜಿನ್ ಚಾಲನೆಯಾದಾಗ ಎಣ್ಣೆಯಲ್ಲಿ ನೊರೆ ಬರಿಸುತ್ತದೆ.

3. ಇಂಗಾಲದ ಮಸಿ ತೆಗೆಯುವುದು: ಮಸಿಯನ್ನು ಮೃದುಗೊಳಿಸಿ, ಗೀರು ಬೀಳದಂತೆ ತೆಗೆಯಬೇಕು. ಪಿಸ್ಟನ್ನಿನ ರಿಂಗ್ ಕೂರುವ ಭಾಗದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.

4. ಬಿರುಕು ಪತ್ತೆ: ಕ್ರ್ಯಾಂಕ್‌ಶಾಫ್ಟ್ ಮುಂತಾದ ಉಕ್ಕಿನ ಭಾಗಗಳಿಗೆ ಕಾಂತಕಣ ಪರೀಕ್ಷೆ ನಡೆಸಿ, ನಂತರ ಅವುಗಳ ಕಾಂತತ್ವವನ್ನು ತೆಗೆಯಲಾಗುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಬಣ್ಣದ ದ್ರವ ಲೇಪಿಸುವ ಪರೀಕ್ಷೆ ನಡೆಸಲಾಗುತ್ತದೆ. ಬಿರುಕಿನೊಳಗೆ ಜಿಡ್ಡು ಉಳಿದಿದ್ದಲ್ಲಿ ದ್ರವವು ಒಳಸೇರದೆ ದೋಷವು ಮರೆಯಾಗುವ ಸಂಭವವಿರುತ್ತದೆ.

5. ಅಳತೆ: ಮೈಕ್ರೋಮೀಟರ್ ಮುಂತಾದ ಉಪಕರಣಗಳಿಂದ ಸವೆತವನ್ನು ಅಳೆದು, ತಯಾರಕರ ಮಿತಿಪಟ್ಟಿಯೊಂದಿಗೆ ಹೋಲಿಸಲಾಗುತ್ತದೆ. ಭಾಗವು ಹೊಳೆಯುತ್ತಿದ್ದರೂ ಮಿತಿ ಮೀರಿದ್ದಲ್ಲಿ ಹಾಗೆಯೇ ಮರುಜೋಡಿಸುವಂತಿಲ್ಲ. ಶುಚಿಗೊಳಿಸಿದ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಯದಂತೆ ಕೂಡಲೇ ಎಣ್ಣೆ ಲೇಪಿಸತಕ್ಕದ್ದು.

ಪ್ರತಿ ಹಂತವನ್ನೂ ದಾಖಲಿಸಲಾಗುತ್ತದೆ. ವಿಮಾನವನ್ನು ಸೇವೆಗೆ ಮರಳಿಸುವ ಪ್ರಮಾಣಪತ್ರಕ್ಕೆ ಅಧಿಕಾರ ಪಡೆದ ಪರವಾನಗಿದಾರರೇ ಸಹಿ ಮಾಡತಕ್ಕದ್ದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ವಿಷಯಗಳನ್ನು ವ್ಯಾಸಂಗ ಮಾಡಿರುವುದು ಅಗತ್ಯ.

ಆ) ಪಿಸ್ಟನ್ ಎಂಜಿನ್ ವಿಮಾನಗಳ ಪರವಾನಗಿಯ ವರ್ಗವು ಬಿ1.2 ಆಗಿರುತ್ತದೆ. ಸಂಸ್ಥೆಯು ಈ ವರ್ಗದಲ್ಲಿ ತರಬೇತಿ ನೀಡುತ್ತದೆಯೇ ಎಂಬುದನ್ನು ವಿಚಾರಿಸುವುದು.

ಇ) ಸಂಸ್ಥೆಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಸಿ.ಎ.ಆರ್.-147 ಅನುಮೋದನೆ ಇರುವುದನ್ನು ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಖಚಿತಪಡಿಸಿಕೊಂಡ ನಂತರವೇ ಶುಲ್ಕ ಪಾವತಿಸಲು ಕೋರಲಾಗಿದೆ.