ಮುಲಾಮಿಗೂ ಚೀಟಿ ಬೇಕು

ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಮನಬಂದಂತೆ ನುಂಗಬಾರದು ಎಂಬ ಮಾತು ಈಗ ಹಳ್ಳಿಹಳ್ಳಿಗೂ ತಲುಪಿದೆ. ಮುಲಾಮಿನ ವಿಷಯಕ್ಕೆ ಬಂದರೆ ಮಾತ್ರ ಈ ಎಚ್ಚರ ಸಡಿಲವಾಗುತ್ತದೆ. ಮೈಮೇಲೆ ಹಚ್ಚುವುದು ತಾನೆ, ಅದಕ್ಕೂ ಡಾಕ್ಟರ ಚೀಟಿಯೇ ಎಂದು ಜನ ಕೇಳುತ್ತಾರೆ. ಕಾನೂನಿಗೂ ಇದೇ ಸಸಾರವಿತ್ತು. 1945ರ ಔಷಧ ನಿಯಮಗಳ ಶೆಡ್ಯೂಲ್ ಎಚ್‌ನಲ್ಲಿ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಯಿದೆ. ಅದರ ಟಿಪ್ಪಣಿಯೊಂದು ಚರ್ಮಕ್ಕೆ ಹಚ್ಚುವ ಔಷಧಗಳನ್ನು ಬಹುಕಾಲ ಹೊರಗಿಟ್ಟಿತ್ತು. ಇಂತಹ ವಿನಾಯಿತಿಗೆ ತೆರಬೇಕಾದ ಬೆಲೆ ಎಷ್ಟೆಂಬುದನ್ನು ನ್ಯೂಜಿಲೆಂಡ್ ಕಂಡಿದೆ.

ಮುಪಿರೋಸಿನ್ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದಿಂದ ಬಂದ ಔಷಧ. ರೋಗಾಣು ತನಗೆ ಬೇಕಾದ ಪ್ರೋಟೀನ್ ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ಚರ್ಮದಲ್ಲಿ ಕೀವು ತರುವ ಸ್ಟ್ಯಾಫಿಲೊಕಾಕಸ್ ಆರಿಯಸ್‌ಗೆ, ಮಕ್ಕಳ ಮುಖದ ಮೇಲೆ ಜೇನುಬಣ್ಣದ ಹಕ್ಕಳೆ ಕಟ್ಟುವ ಇಂಪೆಟಿಗೊಗೆ ಒಳ್ಳೆಯ ಮದ್ದು. ನ್ಯೂಜಿಲೆಂಡ್ 1991ರಿಂದ ಇದನ್ನು ಔಷಧ ಅಂಗಡಿಗಳಲ್ಲಿ ಚೀಟಿಯಿಲ್ಲದೆ ಕೊಳ್ಳಲು ಬಿಟ್ಟಿತು. 1999ರಲ್ಲಿ ಪರೀಕ್ಷಿಸಿದ ಸ್ಟ್ಯಾಫಿಲೊಕಾಕಸ್ ಆರಿಯಸ್ ಮಾದರಿಗಳಲ್ಲಿ ನೂರಕ್ಕೆ 28ರಷ್ಟು ಮುಪಿರೋಸಿನ್‌ಗೆ ಬಗ್ಗಲಿಲ್ಲ. 2000ದಲ್ಲಿ ಚೀಟಿ ಕಡ್ಡಾಯವಾಯಿತು. 2013ರ ಹೊತ್ತಿಗೆ ಆ ಪ್ರಮಾಣ ನೂರಕ್ಕೆ 11ಕ್ಕೆ ಇಳಿದಿತ್ತು. ನಿರೋಧಶಕ್ತಿ ಒಮ್ಮೆ ಬೆಳೆದರೆ ಮತ್ತೆ ಇಳಿಯುವುದು ಅಪರೂಪ. ಹಾಗಾಗಿ ಈ ಇಳಿಕೆ ಬಹಳ ದೊಡ್ಡದು.

ತೋರುಬೆರಳಿನಷ್ಟು ಜಾಗಕ್ಕೆ ಹಚ್ಚಿದ ಚೂರು ಮುಲಾಮು ಊರಿಗೆಲ್ಲ ತೊಂದರೆ ತರುವುದು ಹೇಗೆಂದು ಕೇಳಬಹುದು. ಸ್ಟ್ಯಾಫಿಲೊಕಾಕಸ್ ಗಾಯದಲ್ಲಷ್ಟೇ ಇರುವುದಿಲ್ಲ. ಆರೋಗ್ಯವಂತರ ಮೂಗಿನಲ್ಲೂ ಚರ್ಮದಲ್ಲೂ ಅದು ಸುಮ್ಮನೆ ಬೀಡುಬಿಟ್ಟಿರುತ್ತದೆ. ಮುಲಾಮು ಹಚ್ಚಿದ ಅಂಚಿನಲ್ಲಿ ಔಷಧದ ಪ್ರಮಾಣ ತೆಳ್ಳಗಾಗಿ, ದುರ್ಬಲ ರೋಗಾಣುಗಳು ಸತ್ತು ಗಟ್ಟಿಯವು ಉಳಿಯುತ್ತವೆ. ಮುಪಿರೋಸಿನ್ನನ್ನು ತೀವ್ರವಾಗಿ ಎದುರಿಸುವ ಜೀನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಬ್ಯಾಕ್ಟೀರಿಯಾವಂತೂ ಟವೆಲ್ಲು, ಹಾಸಿಗೆ, ಕೈಗಳ ಮೂಲಕ ಮನೆಯವರಿಗೆಲ್ಲ ಹರಡುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಮೂಗಿನಿಂದ ಈ ರೋಗಾಣುವನ್ನು ತೊಲಗಿಸಲು ಆಸ್ಪತ್ರೆಗಳು ಬಳಸುವುದೂ ಇದೇ ಮುಪಿರೋಸಿನ್ನನ್ನು. ತರಚುಗಾಯಕ್ಕೆ ಅದನ್ನು ಸವೆಸಿದರೆ ನಷ್ಟವಾಗುವುದು ಹೃದಯದ ಆಪರೇಷನ್‌ಗೆ ಮಲಗಿದವರಿಗೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ, ಅದೂ ನ್ಯೂಜಿಲೆಂಡಿನಿಂದಲೇ ಬಂದದ್ದು. ಮುಪಿರೋಸಿನ್ ಹಿಂದೆ ಸರಿದಾಗ ಅದರ ಜಾಗಕ್ಕೆ ಫ್ಯುಸಿಡಿಕ್ ಆಮ್ಲದ ಮುಲಾಮು ಬಂತು. ಅದನ್ನು ವೈದ್ಯರೇ ಬರೆದುಕೊಡುತ್ತಿದ್ದರು. ಆದರೂ 1999ರಲ್ಲಿ ನೂರಕ್ಕೆ 17 ಇದ್ದ ಅದರ ನಿರೋಧ 2013ಕ್ಕೆ 29 ಮುಟ್ಟಿತು. ಅಲ್ಲಿ ಹರಡಿದ ಒಂದು ತಳಿಯಲ್ಲಿ ಫ್ಯುಸಿಡಿಕ್ ಆಮ್ಲವನ್ನು ಎದುರಿಸುವ ಜೀನು ಮೆಥಿಸಿಲಿನ್ ನಿರೋಧದ ಜೀನಿನ ಜೊತೆಗೇ ಕೂತಿತ್ತು. ಹಾಗಾಗಿ ಅಲ್ಲಿ ಮುಲಾಮಿನ ಬಳಕೆ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್, ಅಂದರೆ ಎಂಆರ್‌ಎಸ್‌ಎ ಎಂಬ ಗಂಡಾಂತರಕ್ಕೂ ಇಂಬು ಕೊಡುವಂತಿತ್ತು. ಚೀಟಿಯಿಂದ ಪ್ರಯೋಜನವಿಲ್ಲ ಎಂದು ಇದರಿಂದ ತೀರ್ಮಾನಿಸುವುದು ತಪ್ಪು. ಕೊಳ್ಳುವವರ ಕೈಯನ್ನು ಚೀಟಿ ಕಟ್ಟಿತು, ಬರೆಯುವವರ ಕೈ ಬಿಚ್ಚಿಯೇ ಇತ್ತು. ಎರಡೂ ಬಿಗಿಯಾಗಬೇಕು.

ಡಾಕ್ಟರರ ಬಳಿ ಹೋಗಲು ಬಸ್ಸಿನ ಚಾರ್ಜು, ಅರ್ಧ ದಿನದ ಕೂಲಿ ಕಳೆದುಕೊಳ್ಳುವ ಬಡವರ ಗತಿಯೇನು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ತರಚುಗಾಯಕ್ಕೆ ಬೇಕಾದದ್ದು ಸೋಪು, ಶುದ್ಧ ನೀರು, ಹೆಚ್ಚೆಂದರೆ ಪೊವಿಡೋನ್ ಅಯೊಡಿನ್. ಅಮೆರಿಕದಲ್ಲಿ 1996ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಣ್ಣ ಚರ್ಮ ಶಸ್ತ್ರಚಿಕಿತ್ಸೆಯಾದ 900ಕ್ಕೂ ಹೆಚ್ಚು ಮಂದಿಯಲ್ಲಿ ಕೆಲವರಿಗೆ ಬ್ಯಾಸಿಟ್ರಾಸಿನ್ ಮುಲಾಮನ್ನೂ ಉಳಿದವರಿಗೆ ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನೂ ಹಚ್ಚಿದರು. ಸೋಂಕು ತಗುಲಿದವರ ಪ್ರಮಾಣದಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಇನ್ನು ಜ್ವರ ಬಂದರೆ, ಕೆಂಪು ಹರಡುತ್ತಾ ಹೋದರೆ, ಕುರು ದೊಡ್ಡದಾದರೆ ಮುಲಾಮು ಹೇಗೂ ಸಾಲದು. ಆಗ ಅಂಗಡಿಯ ಟ್ಯೂಬು ಬಡವರ ಹಣವನ್ನೂ ಸಮಯವನ್ನೂ ನುಂಗುತ್ತದೆ, ರೋಗ ಮುಂದುವರಿಯುತ್ತದೆ. ಹುಳುಕಡ್ಡಿಯಂತಹ ಶಿಲೀಂಧ್ರದ ತೊಂದರೆಗೆ ಆ್ಯಂಟಿಬಯಾಟಿಕ್ ಹಚ್ಚಿದರೆ ಏನೂ ಆಗದು.

ಮುಲಾಮಿಗೆ ಚೀಟಿ ಕಡ್ಡಾಯ ಮಾಡಿದ ಉದಾಹರಣೆ ನಮ್ಮಲ್ಲೂ ಇದೆ. ಸ್ಟೀರಾಯ್ಡ್ ಮುಲಾಮುಗಳನ್ನು ಬೆಳ್ಳಗಾಗುವ ಆಸೆಗೆ ತಿಂಗಳುಗಟ್ಟಲೆ ಹಚ್ಚಿಕೊಂಡವರ ಮುಖಗಳು ಹಾಳಾದವು. ಚರ್ಮವೈದ್ಯರು ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್‌ಗಳ ಮುಲಾಮುಗಳಿಗೆ ಚೀಟಿ ಕಡ್ಡಾಯ ಮಾಡಿತು. ಸ್ಟೀರಾಯ್ಡಿನ ಹಾನಿ ಹಚ್ಚಿಕೊಂಡವರ ಮುಖದಲ್ಲೇ ಕಾಣುತ್ತಿತ್ತು, ಹಾಗಾಗಿ ಕ್ರಮ ಬಂತು. ಆ್ಯಂಟಿಬಯಾಟಿಕ್ ಮುಲಾಮಿನ ಹಾನಿ ಕಾಣುವುದು ಬೇರೆ ಯಾರದೋ ಮೈಯಲ್ಲಿ, ಎಷ್ಟೋ ವರ್ಷದ ಮೇಲೆ. ಅದಕ್ಕೇ ಇಲ್ಲಿ ದೂರು ಕೊಡುವವರು ಯಾರೂ ಇಲ್ಲ, ನಿಯಮ ತಾನಾಗಿಯೇ ಮೊದಲು ಬರಬೇಕು.